ಹೊಸಬನು ಬಾಗಿಲಿಗೆ ಬಂದಾಗ: ಮುಕ್ತ ತಂತ್ರಾಂಶದ ಬಳಗಗಳಿಂದ ಒಂದು ಪಾಠ



ನಮ್ಮ ವಾಚನಾಲಯದ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರನ್ನು ತಾವೆಲ್ಲರೂ ನೋಡಿರುವಿರಿ. ದಾನವಾಗಿ ಬಂದ ಯಂತ್ರವದು. ಹೊಸ ವಿಂಡೋಸನ್ನು ಹೊರುವ ಶಕ್ತಿ ಅದಕ್ಕಿಲ್ಲವೆಂದು ಡೊಂಬಿವಲಿಯ ಸದಸ್ಯರೊಬ್ಬರ ಮಗ, ಕಾಲೇಜು ಓದುವ ಹುಡುಗ, ಒಂದು ಭಾನುವಾರ ಬಂದು ಅದರಲ್ಲಿ ಲಿನಕ್ಸ್ ಹಾಕಿಕೊಟ್ಟು ಹೋದನು. ಕನ್ನಡ ಟೈಪು ಕಲಿಯಬೇಕೆನ್ನುವವರಿಗೆ ಅದನ್ನು ತೋರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಭಿವಂಡಿಯ ಒಂದು ಮಿಲ್ಲಿನಲ್ಲಿ ಗುಮಾಸ್ತ, ಓದಿದ್ದು ಮೆಟ್ರಿಕ್ಕಿನವರೆಗೆ. ಆದುದರಿಂದ ಈ ಲೇಖನದಲ್ಲಿ ಪಂಡಿತರ ಮಾತನ್ನು ಯಾರೂ ನಿರೀಕ್ಷಿಸಬಾರದು.

ಮಳೆಗಾಲದ ಒಂದು ಸಂಜೆ ಬೆಳ್ತಂಗಡಿ ಕಡೆಯ ಹುಡುಗನೊಬ್ಬ ಬಂದ. ಹೋಟೆಲಿನ ಕೆಲಸ, ವಾರಕ್ಕೊಂದು ರಜೆ. ತನ್ನ ವಿಳಾಸವನ್ನು ಕನ್ನಡದಲ್ಲಿ ಟೈಪು ಮಾಡಿ ಊರಿಗೆ ಕಳುಹಿಸಬೇಕೆಂದು ಕುಳಿತ. ಅರ್ಧ ಗಂಟೆ ಹೆಣಗಿದ ಮೇಲೆ, "ಅಣ್ಣಾ, ಅರ್ಕಾವೊತ್ತಿನ ಕೀಲಿ ಎಲ್ಲಿ ಉಂಟು?" ಎಂದು ಕೇಳಿದ. ಹೋಗಿ ನೋಡಿದರೆ ಪರದೆಯ ಮೇಲೆ "ವತ೯ಕ ನಗರ" ಎಂದಿತ್ತು. ಅರ್ಕಾವೊತ್ತು ಸಿಗದೆ, ಅದರಂತೆಯೇ ಕಾಣುವ ಕನ್ನಡದ ಒಂಬತ್ತನ್ನು ತಂದು ಅಲ್ಲಿ ಕೂರಿಸಿದ್ದ. "ಏನಪ್ಪಾ, ಇಷ್ಟೂ ಗೊತ್ತಿಲ್ಲೇನು? ಅಕ್ಷರದ ಜಾಗಾದಾಗ ಒಂಬತ್ತು ಹಾಕ್ತಾರೇನು?" ಎಂದು ನಾನು ನಕ್ಕೆ. ಪತ್ರಿಕೆ ಓದುತ್ತಿದ್ದ ಇಬ್ಬರು ಹಿರಿಯರೂ ನಕ್ಕರು. ಹುಡುಗನೂ ನಕ್ಕ. ಕೊಡೆ ತೆಗೆದುಕೊಂಡು ಹೋದ. ಐದು ವಾರ ಇತ್ತ ತಲೆ ಹಾಕಲಿಲ್ಲ.

ನನಗೆ ಇದು ಬಹಳ ಚುಚ್ಚಿತು. ಏಕೆಂದರೆ ಮೂರು ನಾಲ್ಕು ವರ್ಷಗಳ ಹಿಂದೆ ನಾನೇ ಆ ಹುಡುಗನ ಜಾಗದಲ್ಲಿ ಇದ್ದೆ. ಅದನ್ನು ಹೇಳುವುದಕ್ಕೆ ಮೊದಲು ಮುಕ್ತ ತಂತ್ರಾಂಶವೆಂದರೇನು ಎಂಬುದನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳೋಣ.

ಕಂಪ್ಯೂಟರಿಗೆ ಇಂಥಿಂಥ ಕೆಲಸ ಹೀಗೆ ಮಾಡು ಎಂದು ಬರೆದಿಟ್ಟ ಸೂಚನೆಗಳ ಕಟ್ಟಿಗೆ ತಂತ್ರಾಂಶವೆಂದು ಹೆಸರು. ಬಹಳ ಕಂಪನಿಗಳು ಆ ಬರಹವನ್ನು ಬೀಗ ಹಾಕಿ ಇಟ್ಟುಕೊಂಡು, ಬಳಸುವ ಹಕ್ಕನ್ನು ಮಾತ್ರ ನಮಗೆ ಮಾರುತ್ತವೆ. ಕೆಲವು ಬಿಟ್ಟಿಯಾಗಿಯೇ ಕೊಡುತ್ತವೆ. ಆದರೆ ಬಿಟ್ಟಿ ಬೇರೆ, ಮುಕ್ತ ಬೇರೆ. ವಾಟ್ಸಾಪಿಗೆ ನಾವು ಕಾಸು ಕೊಡುವುದಿಲ್ಲ. ಆದರೂ ಅದರ ಒಳಗನ್ನು ನೋಡುವ ಹಕ್ಕು ನಮಗಿಲ್ಲ. ಮುಕ್ತ ತಂತ್ರಾಂಶವು ತೆರೆದಿಟ್ಟ ಖಾತೆ ಪುಸ್ತಕದಂತೆ. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹವನ್ನು ಓದಬಹುದು, ಇನ್ನೊಬ್ಬರಿಗೆ ಕೊಡಬಹುದು, ತಿದ್ದಬಹುದು, ತಿದ್ದಿದ್ದನ್ನೂ ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಈ ಬಗೆಯ ಕೆಲಸಕ್ಕೆ ಕೈ ಹಾಕಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸಿನ ತಿರುಳನ್ನು ಬರೆದು ಎಲ್ಲರ ಮುಂದಿಟ್ಟ. ನಿಮ್ಮ ಜೇಬಿನಲ್ಲಿ ಆಂಡ್ರಾಯ್ಡ್ ಮೊಬೈಲು ಇದ್ದರೆ ಅದರ ಅಡಿಯಲ್ಲಿ ಓಡುತ್ತಿರುವುದೂ ಅದೇ ತಿರುಳು. ಫೈರ್‌ಫಾಕ್ಸ್, ಪತ್ರ ಲೆಕ್ಕ ಬರೆಯುವ ಲಿಬ್ರೆ ಆಫೀಸ್, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ, ಇವೆಲ್ಲ ಆ ಜಾತಿಗೆ ಸೇರಿದವು.

ಇವುಗಳಲ್ಲಿ ಸಂಬಳಕ್ಕೆ ದುಡಿಯುವವರೂ ಉಂಟು. ಆದರೆ ಒಂದು ಪಾಲು ನಮ್ಮ ನಿಮ್ಮಂಥವರು ಸಂಜೆ ಹೊತ್ತು, ರಜಾ ದಿನ, ಮನಸ್ಸಿನ ಸಂತೋಷಕ್ಕೆ ಮಾಡುವ ಕೆಲಸ. ಮಾಲೀಕನಿಲ್ಲ, ಮಸ್ಟರಿಲ್ಲ. ಬಂದವನು ನಾಳೆ ಬಾರದೇ ಹೋದರೆ ಕೇಳುವವರಿಲ್ಲ. ಆದುದರಿಂದಲೇ ಹೊಸಬನನ್ನು ಹೇಗೆ ಬರಮಾಡಿಕೊಳ್ಳುವುದು ಎಂಬುದು ಇಂಥ ಬಳಗಗಳಿಗೆ ಉಳಿವು ಅಳಿವಿನ ಪ್ರಶ್ನೆಯಾಗುತ್ತದೆ. ಕಾರ್ಖಾನೆಯಲ್ಲಿ ಮುಕಾದಮ ಬೈದರೂ ಹುಡುಗ ಮರುದಿನ ಬರುತ್ತಾನೆ, ಏಕೆಂದರೆ ಹೊಟ್ಟೆ ಇದೆ. ಇಲ್ಲಿ ಬೈದರೆ ಮುಗಿಯಿತು.

ನನ್ನ ಕಥೆಗೆ ಬರುತ್ತೇನೆ. ಒಂದು ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ತರುವ ಬಳಗ. ಅದರ ಹೆಸರು ಇಲ್ಲಿ ಬೇಡ. ಪರದೆಯ ಮೇಲೆ ಬರುವ ಇಂಗ್ಲಿಷು ಮಾತುಗಳ ಪಟ್ಟಿ ಕೊಡುತ್ತಾರೆ, ಎದುರಿಗೆ ಕನ್ನಡ ಬರೆಯಬೇಕು. ಪ್ರೋಗ್ರಾಮು ಬರೆಯಲು ಬಾರದವನೂ ಮಾಡಬಹುದಾದ ಕೆಲಸವೆಂದು ನಾನು ಉತ್ಸಾಹದಿಂದ ಮೂರು ರಾತ್ರಿ ಕುಳಿತು ನಲವತ್ತೇಳು ಮಾತುಗಳನ್ನು ಬರೆದೆ. ನಾಲ್ಕನೆಯ ದಿನ ತೆರೆದು ನೋಡಿದರೆ ನಲವತ್ತೇಳೂ ಮಾಯ. ಏಕೆಂದು ಒಂದು ಸಾಲಿಲ್ಲ. ಕೇಳಿದೆ, ಉತ್ತರವಿಲ್ಲ. ಎರಡು ವಾರದ ನಂತರ "ನಿಯಮಗಳನ್ನು ಓದಿ" ಎಂಬ ಮೂರಕ್ಷರದ ಕೃಪೆಯಾಯಿತು (ಅಕ್ಷರ ಎಣಿಸಬೇಡಿ, ಸಿಟ್ಟಿನಲ್ಲಿ ಹೇಳಿದ ಲೆಕ್ಕ). ನಿಯಮಗಳು ಇಂಗ್ಲಿಷಿನಲ್ಲಿ ಇಪ್ಪತ್ತು ಪುಟ ಇದ್ದವು. ಒಂದು ವರ್ಷ ಆ ಕಡೆ ಹೋಗಲಿಲ್ಲ.

ತಪ್ಪು ನನ್ನದೂ ಇತ್ತೆಂದು ಆಮೇಲೆ ಬೇರೊಬ್ಬರಿಂದ ತಿಳಿಯಿತು. "ಹೋಮ್" ಎಂದಿದ್ದಲ್ಲಿ "ಮನೆ" ಎಂದು ಬರೆದಿದ್ದೆ. ಅದು ಮೊದಲ ಪುಟಕ್ಕೆ ಹಿಂದಿರುಗುವ ಗುಂಡಿ, "ಮುಖಪುಟ" ಎನ್ನಬೇಕಿತ್ತು. "ಓಪನ್" ಎಂಬುದು ಒಂದು ಕಡೆ "ತೆರೆ" ಎಂಬ ಆಜ್ಞೆ, ಇನ್ನೊಂದು ಕಡೆ "ತೆರೆದಿದೆ" ಎಂಬ ಸ್ಥಿತಿ. ಎರಡಕ್ಕೂ ಒಂದೇ ಮಾತು ಹಾಕಿದ್ದೆ. ಹೀಗೆ ಎಂಟು ಹತ್ತು. ಉಳಿದ ಮೂವತ್ತೇಳು ಮಾತು ಸರಿಯಾಗಿಯೇ ಇದ್ದವು. ಅಳಿಸಿದ ಪುಣ್ಯಾತ್ಮರು "ಹೋಮ್ ಎಂದರೆ ಇಲ್ಲಿ ಮುಖಪುಟ, ನೋಡಿಕೊಳ್ಳಿ" ಎಂದು ಒಂದು ಸಾಲು ಬರೆದಿದ್ದರೆ ಅವರಿಗೆ ಅರ್ಧ ನಿಮಿಷ ಖರ್ಚಾಗುತ್ತಿತ್ತು. ನನ್ನ ಒಂದು ವರ್ಷ ಉಳಿಯುತ್ತಿತ್ತು. ಮೀಡಿಯಾವಿಕಿ ಮುಂತಾದವನ್ನು ಅನುವಾದಿಸುವ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡು ಉಂಟು: ಈ ಮಾತು ಎಲ್ಲಿ ಬರುತ್ತದೆ, ಗುಂಡಿಯ ಮೇಲೋ ತಲೆಬರಹದಲ್ಲೋ, ಎಂಬ ಟಿಪ್ಪಣಿಯನ್ನು ಎಷ್ಟೋ ಮಾತುಗಳ ಪಕ್ಕದಲ್ಲೇ ಬರೆದಿಟ್ಟಿರುತ್ತಾರೆ. ಹೊಸಬನು ತಪ್ಪುವ ಜಾಗದಲ್ಲಿ ಮೊದಲೇ ದೀಪ ಇಟ್ಟಂತೆ.

ಇನ್ನು ಭಿವಂಡಿಯ ಮಗ್ಗದ ಶೆಡ್ಡಿನ ಮಾತು. ಹೊಸದಾಗಿ ಬಂದವನ ಕೈಗೆ ಯಾರೂ ಮೊದಲ ದಿನವೇ ಮಗ್ಗ ಕೊಡುವುದಿಲ್ಲ. ಹಾಗೆಂದು ಗೋಡೆಗೆ ಒರಗಿ ನಿಂತು ನೋಡು ಎಂದೂ ಹೇಳುವುದಿಲ್ಲ. ಕಡಿದ ಎಳೆಯನ್ನು ಜೋಡಿಸುವುದನ್ನು ತೋರಿಸಿ, ಪಳಗಿದ ಕೈಯ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಕೆಲಸ ಚಿಕ್ಕದು, ಆದರೆ ಸುಳ್ಳು ಕೆಲಸವಲ್ಲ. ಆ ಎಳೆ ಕೂಡಿದರೇ ಬಟ್ಟೆ ಮುಂದೆ ಓಡುವುದು. ತಪ್ಪಿದರೆ ಪಕ್ಕದವನು ಕೂಡಲೇ ನೋಡಿ ತಿದ್ದುತ್ತಾನೆ. ಚಿಕ್ಕದಾಗಿರಬೇಕು, ನಿಜವಾಗಿರಬೇಕು, ಪಕ್ಕದಲ್ಲಿ ಒಬ್ಬನಿರಬೇಕು. ನಾನು ಓದಿ ತಿಳಿದಮಟ್ಟಿಗೆ ಚೆನ್ನಾಗಿ ನಡೆಯುವ ಮುಕ್ತ ತಂತ್ರಾಂಶದ ಬಳಗಗಳು ಮಾಡುವುದೂ ಇದನ್ನೇ. ಲಿಬ್ರೆ ಆಫೀಸಿನವರು ಸುಲಭವಾದ ರಿಪೇರಿಗಳನ್ನು ಬೇರೆಯಾಗಿ ಗುರುತು ಹಾಕಿ ಹೊಸಬರಿಗೆಂದು ಇಡುತ್ತಾರೆ. ಬೇರೆ ಅನೇಕ ಬಳಗಗಳಲ್ಲಿ "ಮೊದಲಿಗೆ ತಕ್ಕ ಕೆಲಸ" ಎಂಬ ಅರ್ಥದ ಚೀಟಿಯನ್ನು ಅಂಥ ಕೆಲಸಗಳಿಗೆ ಅಂಟಿಸುವ ಪದ್ಧತಿ ಇದೆ. ಇದರಲ್ಲಿ ಪಳಗಿದವನಿಗೆ ಒಂದು ಸಂಯಮ ಬೇಕು. ತಾನು ಐದು ನಿಮಿಷದಲ್ಲಿ ಮುಗಿಸಬಲ್ಲ ಕೆಲಸವನ್ನು ಹೊಸಬನಿಗಾಗಿ ಐದು ದಿನ ಮುಟ್ಟದೆ ಬಿಡಬೇಕು. ನನಗಂತೂ ಇದು ಬಹಳ ಕಷ್ಟ. ಯಾರಾದರೂ ಒಂದೊಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರೆ ಕೀಲಿಮಣೆ ಕಸಿದುಕೊಳ್ಳಬೇಕೆನಿಸುತ್ತದೆ.

ದೊಡ್ಡವರೂ ಈ ವಿಷಯದಲ್ಲಿ ಎಡವಿದ್ದಾರೆ. ಲಿನಕ್ಸಿನ ಟೋರ್ವಾಲ್ಡ್ಸರು ಕೆಲಸ ಚೆನ್ನಾಗಿಲ್ಲದಿದ್ದರೆ ಬರೆದವನಿಗೆ ಕಟುವಾದ ಪತ್ರ ಬರೆಯುವುದಕ್ಕೆ ಹೆಸರಾಗಿದ್ದವರು. 2018ರ ಸೆಪ್ಟೆಂಬರಿನಲ್ಲಿ ಅವರೇ ಎಲ್ಲರೆದುರು ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದು, ಬಳಿಕ ಹಿಂದಿರುಗಿದರು. ಆ ಬಳಗವು ನಡೆನುಡಿಯ ನಿಯಮಾವಳಿಯನ್ನು ಒಪ್ಪಿಕೊಂಡದ್ದೂ ಆಗಲೇ. ತಪ್ಪನ್ನು ತಪ್ಪೆನ್ನಬಾರದೆಂದು ಇದರ ಅರ್ಥವಲ್ಲ. ಸೈಜಿಂಗಿನಲ್ಲಿ ಗಂಜಿ ತೆಳುವಾದರೆ ನೂಲು ಕಡಿಯುತ್ತದೆ, ಅದನ್ನು ಹೇಳಲೇಬೇಕು. ಗಂಜಿ ತೆಳುವಾಗಿದೆ ಎನ್ನುವುದು ಬೇರೆ, ನೀನು ಯೋಗ್ಯನಲ್ಲ ಎನ್ನುವುದು ಬೇರೆ.

ಇಂಗ್ಲಿಷು ವಿಕಿಪೀಡಿಯದ ಅನುಭವ ಇನ್ನೂ ವಿಚಾರಮಾಡತಕ್ಕದ್ದು. 2001ರಲ್ಲಿ ಆರಂಭವಾದ ಅದರಲ್ಲಿ ನಿತ್ಯ ಬರೆಯುವವರ ಸಂಖ್ಯೆ 2007ರವರೆಗೆ ಏರುತ್ತಲೇ ಹೋಗಿ, ಅಲ್ಲಿಂದ ಇಳಿಯತೊಡಗಿತು. ಏಕೆಂದು ವಿದ್ವಾಂಸರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಾರಣ ಎದ್ದು ಕಂಡಿತು. ಕಿಡಿಗೇಡಿಗಳ ಕಾಟ ತಡೆಯಲೆಂದು ಹಳಬರು ಯಂತ್ರಗಳನ್ನೂ ಕಟ್ಟುನಿಟ್ಟಿನ ನಿಯಮಗಳನ್ನೂ ತಂದರು. ಅವು ಕಿಡಿಗೇಡಿಗಳ ಜೊತೆಗೆ ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವನ್ನೂ ಅಳಿಸಿಹಾಕತೊಡಗಿದವು. ಮೊದಲ ಬರಹವೇ ಹೀಗೆ ಅಳಿದುಹೋದವರಲ್ಲಿ ಮತ್ತೆ ಬರುವವರು ಕಡಮೆಯಾದರು. ಹೊಸಬರನ್ನು ಕಚ್ಚಬೇಡಿ ಎಂಬ ಅರ್ಥದ ನಿಯಮ ಅಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಬಾಗಿಲ ಮೇಲೆ "ಸ್ವಾಗತ" ಎಂಬ ಹಲಗೆಯೂ, ಒಳಗೆ ಕಾವಲು ನಾಯಿಯೂ ಇದ್ದಂತಾಯಿತು.

ಈಗ ಕನ್ನಡದ ಲೆಕ್ಕ ನೋಡೋಣ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ, ಮಲಯಾಳದವರು ಸುಮಾರು 3 ಕೋಟಿ 48 ಲಕ್ಷ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ ಇಂದು 30 ಸಾವಿರಕ್ಕೆ ಮಿಕ್ಕಿ ಲೇಖನಗಳಿವೆ. ಮಲಯಾಳದಲ್ಲಿ 80 ಸಾವಿರಕ್ಕೆ ಮಿಕ್ಕಿ. ಕನ್ನಡದಲ್ಲಿ ದುಡಿದವರು ಶಕ್ತಿಮೀರಿ ದುಡಿದಿದ್ದಾರೆ; ದುಡಿಯುವ ಕೈ ಕಡಮೆ, ಅಷ್ಟೆ. ಕೇರಳದಲ್ಲಿ ಪಿ. ಎನ್. ಪಣಿಕ್ಕರರು 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದಿಂದ ಹಳ್ಳಿಹಳ್ಳಿಗೆ ವಾಚನಾಲಯ ಬಂತು. ಈಚಿನ ವರ್ಷಗಳಲ್ಲಿ ಅಲ್ಲಿನ ಸರಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರು ಕಲಿಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಆ ಪಾಠಪುಸ್ತಕ ಕನ್ನಡದಲ್ಲಿ ಉಂಟು. ಹಾಗಾಗಿ ಅಲ್ಲಿ ದೊಡ್ಡವನಾಗಿ ಬಳಗಕ್ಕೆ ಬರುವವನು ಪೂರಾ ಹೊಸಬನಾಗಿರುವುದಿಲ್ಲ. ನಮ್ಮಲ್ಲಿ ಬರುವವನು ಪೂರಾ ಹೊಸಬ. ಹೀಗಿರುವಾಗ ನಮ್ಮ ಬಾಗಿಲಿನ ಜವಾಬ್ದಾರಿ ಅವರದಕ್ಕಿಂತ ಹೆಚ್ಚಲ್ಲವೇ?

ದೂರದ ಮಾತೇಕೆ, ಇಲ್ಲಿಂದ ಪವಾಯಿ ಎಷ್ಟು ದೂರ? ಅಲ್ಲಿನ ಐ.ಐ.ಟಿ.ಯಲ್ಲಿ ರಾಸಾಯನಿಕ ಎಂಜಿನಿಯರಿಂಗಿನ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯರು "ಸ್ಪೋಕನ್ ಟ್ಯುಟೋರಿಯಲ್" ಎಂಬ ಪಾಠಮಾಲೆಯನ್ನು ಕಟ್ಟಿದರು. ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಕಲಿಸುವ, ಸುಮಾರು ಹತ್ತು ಹತ್ತು ನಿಮಿಷದ ಚಿತ್ರಪಾಠಗಳು. ಕನ್ನಡವೂ ಸೇರಿ ಅನೇಕ ದೇಶಭಾಷೆಗಳಲ್ಲಿ ಮಾತು ಕೂಡಿಸಿದ್ದಾರೆ, ಕಾಸಿಲ್ಲ. ಪರದೆಯ ಒಂದು ಬದಿಗೆ ಪಾಠ, ಇನ್ನೊಂದು ಬದಿಗೆ ತಂತ್ರಾಂಶ. ನಿಲ್ಲಿಸಿ ನಿಲ್ಲಿಸಿ ಮಾಡಿ ನೋಡುತ್ತ ಕಲಿಯಬೇಕು. ಗುರುವಿಲ್ಲದೆ ಒಬ್ಬನೇ ಕುಳಿತು ಕಲಿಯುವವನಿಗಾಗಿಯೇ ಮಾಡಿದ್ದು.

ಅವರ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದುಂಟು. ಪಾಠದ ಬರಹ ಸಿದ್ಧವಾದ ಮೇಲೆ, ಧ್ವನಿ ಮುದ್ರಿಸುವುದಕ್ಕೆ ಮೊದಲು, ಅದನ್ನು ಆ ವಿಷಯ ತಿಳಿಯದ ಹೊಸಬನಿಗೆ ಕೊಟ್ಟು ಪರೀಕ್ಷಿಸುತ್ತಾರೆ. ಹೊಸಬನು ಅದನ್ನು ಹಿಡಿದು ಮಾಡುತ್ತ ಹೋಗುವಾಗ ಎಲ್ಲಿ ನಿಂತನೋ ಅಲ್ಲಿ ಪಾಠ ತಪ್ಪಿದೆ ಎಂದು ಲೆಕ್ಕ. ಇದನ್ನು ತಾವು ಸ್ವಲ್ಪ ಯೋಚಿಸಿ ನೋಡಿ. ಬಲ್ಲವನಿಗೆ ತನ್ನ ಬರಹದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಎಂದಿಗೂ ಕಾಣದು, ಏಕೆಂದರೆ ಬಿಟ್ಟುಹೋದದ್ದು ಅವನ ತಲೆಯಲ್ಲೇ ಇರುತ್ತದೆ. ಅದನ್ನು ಕಾಣಬಲ್ಲವನು ಅರಿಯದವನೊಬ್ಬನೇ. ಅದೂ ಮೊದಲ ಒಂದೆರಡು ದಿನ ಮಾತ್ರ. ಕಲಿತ ಮೇಲೆ ಅವನಿಗೂ ಕಾಣದು. ನನ್ನ ಮಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ, ಹೊಸಬನು ಬಂದು ಕೇಳುವ ಮೊದಲ ಪ್ರಶ್ನೆ ಬಳಗದ ಜಮೆ, ಖರ್ಚಲ್ಲ.

ಇಲ್ಲಿ ಬೆಳ್ತಂಗಡಿಯ ಹುಡುಗನ ಒಂಬತ್ತಿಗೆ ಬರುತ್ತೇನೆ. ನಮ್ಮ ಯಂತ್ರದಲ್ಲಿರುವುದು ಕಗಪ ಕೀಲಿಮಣೆ, ಕೆ. ಪಿ. ರಾಯರು ರೂಪಿಸಿದ ವಿನ್ಯಾಸ, ನುಡಿಯಲ್ಲೂ ಅದೇ. ಅದರಲ್ಲಿ ಎರಡು ವ್ಯಂಜನಗಳನ್ನು ಬೆಸೆಯುವುದಕ್ಕೆ "ಎಫ್" ಕೀಲಿ. ಕೆ, ಎಫ್, ಆರ್ ಒತ್ತಿದರೆ "ಕ್ರ". ಆರ್, ಎಫ್, ಕೆ ಒತ್ತಿದರೆ "ರ್ಕ". ಅರ್ಕಾವೊತ್ತಿಗೆ ಬೇರೆ ಕೀಲಿ ಇಲ್ಲವೇ ಇಲ್ಲ. ಆದರೆ ಶಾಲೆಯಲ್ಲಿ ಕೈಯಿಂದ ಬರೆಯುವಾಗ ನಾವು ಏನು ಮಾಡುತ್ತೇವೆ? "ವ" ಬರೆದು, "ತ" ಬರೆದು, ಆಮೇಲೆ ಅರ್ಕಾವೊತ್ತು ಎಳೆಯುತ್ತೇವೆ. ಕೈ ಕಲಿತ ಕ್ರಮ ಒಂದು, ಬಾಯಿ ಹೇಳುವ ಕ್ರಮ ಇನ್ನೊಂದು. ಕಂಪ್ಯೂಟರು ಬಾಯಿಯ ಕ್ರಮವನ್ನು ಕೇಳುತ್ತದೆ. ನಾನು ಬರೆದು ಗೋಡೆಗೆ ಅಂಟಿಸಿದ್ದ ಸೂಚನೆಯ ಹಾಳೆಯಲ್ಲಿ ಈ ಮಾತೇ ಇರಲಿಲ್ಲ. ಹುಡುಗನು ತಾನು ಕಲಿತ ಅಕ್ಷರದ ಕ್ರಮವನ್ನು ನಂಬಿ, ಇಲ್ಲದ ಕೀಲಿಯನ್ನು ಅರ್ಧ ಗಂಟೆ ಹುಡುಕಿ, ಕೊನೆಗೆ ರೂಪ ಹೋಲುವ ಅಂಕೆಯನ್ನು ಕಂಡುಹಿಡಿದಿದ್ದ. ನಗಬೇಕಾದದ್ದು ಯಾರ ಮೇಲೆ?

ಹಳಬರ ಪರವಾಗಿಯೂ ಒಂದು ಮಾತು ಹೇಳಬೇಕು. ಕನ್ನಡದ ಇಂಥ ಎಷ್ಟೋ ಕೆಲಸಗಳು ಕೆಲವೇ ಜನರ ಹೆಗಲ ಮೇಲೆ ನಿಂತಿವೆ. ದಿನದ ಕೆಲಸ ಮುಗಿಸಿ ಬಂದು, ಅದೇ ಪ್ರಶ್ನೆಗೆ ನೂರನೆಯ ಸಲ ಉತ್ತರಿಸುವವನಿಗೆ ಬೇಸರ ಬರದಿರುವುದೇ? ಬರುತ್ತದೆ. ಆದುದರಿಂದ ನೂರು ಸಲ ಬಂದ ಪ್ರಶ್ನೆಯ ಉತ್ತರವನ್ನು ಒಮ್ಮೆ ಕನ್ನಡದಲ್ಲಿ, ಸಣ್ಣದಾಗಿ, ಬಾಗಿಲಲ್ಲೇ ಕಾಣುವಂತೆ ಬರೆದಿಡುವುದು ಜಾಣತನ. ಹೊಸಬನೂ ಕೇಳುವ ಕ್ರಮ ಕಲಿಯಬೇಕು. "ಅಣ್ಣಾ, ಇದು ನಡೆಯುವುದಿಲ್ಲ" ಎಂದರೆ ಯಾರಿಗೂ ಏನೂ ತಿಳಿಯದು. ನಾನು ಇಂಥ ಕೀಲಿ ಒತ್ತಿದೆ, ಇಂಥದು ಬರಬೇಕೆಂದುಕೊಂಡೆ, ಬಂದದ್ದು ಇದು: ಈ ಮೂರನ್ನು ಹೇಳಿ, ಸಾಧ್ಯವಾದರೆ ಪರದೆಯ ಚಿತ್ರವನ್ನೂ ತೋರಿಸಿದರೆ ಅರ್ಧ ಉತ್ತರ ಪ್ರಶ್ನೆಯಲ್ಲೇ ಇರುತ್ತದೆ. ಇಂಗ್ಲಿಷು ಬಾರದೆಂದು ಅಂಜಬೇಕಾಗಿಲ್ಲ. ಕನ್ನಡದ ಕೆಲಸ ಮಾಡುವವರನ್ನು ಕನ್ನಡದಲ್ಲೇ ಕೇಳಬಹುದು.

ಮುಂಬಯಿಯಲ್ಲಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದ್ದನ್ನು ತಾವು ಕೇಳಿರುವಿರಿ. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರಸಿದ ಹುಡುಗರು ಅಲ್ಲಿ ಓದಿದರು. ಹಗಲಿಗೆ ಬಾ ಎಂದು ಶಾಲೆ ಹುಡುಗನಿಗೆ ಹೇಳಲಿಲ್ಲ. ಶಾಲೆಯೇ ರಾತ್ರಿಗೆ ಬಂತು. ನಾನು ಹುಡುಗನ ಹೋಟೆಲಿಗೆ ಹೋಗಲು ಧೈರ್ಯ ಮಾಡಿದ್ದು ಅದನ್ನು ನೆನೆದೇ. ಮಧ್ಯಾಹ್ನ ನಾಲ್ಕಕ್ಕೆ, ಗಿರಾಕಿ ಕಡಮೆಯಿರುವ ಹೊತ್ತಿನಲ್ಲಿ, ಹೋದೆ. ಚಹಾ ತಂದಿಟ್ಟು ಸುಮ್ಮನೆ ನಿಂತ. "ಆ ಹಾಳ್ಯಾಗ ಅರ್ಕಾವೊತ್ತಿನ ಮಾತ ಇಲ್ಲಪ್ಪಾ, ತಪ್ಪು ನಂದು. ನೀ ಬಂದು ಬರೆದುಕೊಡು" ಎಂದೆ. "ನಂಗೆ ಬರೀಲಿಕ್ಕೆ ಬರ್ತದಾ ಅಣ್ಣಾ?" ಎಂದ. ರಜೆಯ ದಿನ ಬಂದ.

ಈಗ ಗೋಡೆಯ ಮೇಲಿರುವ ಹಾಳೆ ಅವನ ಮಾತಿನಲ್ಲಿದೆ. ಬಂದವರು ಅದನ್ನು ಹಿಡಿದು ಟೈಪು ಮಾಡುವಾಗ ನಾನು ಬಾಯಿ ಬಿಡಕೂಡದು, ಎಲ್ಲಿ ನಿಲ್ಲುತ್ತಾರೋ ಅದನ್ನು ಬರೆದುಕೊಳ್ಳಬೇಕು ಎಂದು ನಿಯಮ ಮಾಡಿಕೊಂಡಿದ್ದೇನೆ. ಪವಾಯಿಯವರಿಂದ ಕದ್ದ ನಿಯಮ. ಎರಡು ಸಲ ಮುರಿದಿದ್ದೇನೆ.

ಟೈಪು ತಕ್ಕಮಟ್ಟಿಗೆ ಬಂದವರಿಗೆ ಎಳೆ ಜೋಡಿಸುವಂಥ ಒಂದು ಕೆಲಸವನ್ನೂ ಗೊತ್ತುಮಾಡಿದ್ದೇವೆ. ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಗ್ರಂಥಭಂಡಾರ ಉಂಟು. ಹಕ್ಕು ತೀರಿದ ಅಥವಾ ಹಕ್ಕುಳ್ಳವರು ಬಿಟ್ಟುಕೊಟ್ಟ ಪುಸ್ತಕಗಳನ್ನು ಪುಟಪುಟವಾಗಿ ಅಕ್ಷರಕ್ಕಿಳಿಸುವ ಜಾಗ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಹೀಗೆ ಮುಕ್ತ ಪರವಾನಿಗೆಯಲ್ಲಿ ಬಿಟ್ಟುಕೊಟ್ಟಿತು. ವಿಕಿಸೋರ್ಸಿನಲ್ಲಿ ಒಂದು ಬದಿಗೆ ಪುಸ್ತಕದ ಪುಟದ ಚಿತ್ರ, ಇನ್ನೊಂದು ಬದಿಗೆ ಅದರ ಅಕ್ಷರ. ಚಿತ್ರ ನೋಡಿ ಅಕ್ಷರ ತಿದ್ದಬೇಕು. ಇನ್ನೂ ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬನು ತಿದ್ದಿದರೆ ಹಳದಿ, ಇನ್ನೊಬ್ಬನು ನೋಡಿ ಸರಿಯೆಂದರೆ ಹಸಿರು. ತಾನು ತಿದ್ದಿದ್ದಕ್ಕೆ ತಾನೇ ಹಸಿರು ಹಾಕಿಕೊಳ್ಳುವಂತಿಲ್ಲ. ಹೀಗಾಗಿ ಯಾರೂ ಒಬ್ಬಂಟಿಯಾಗುವುದಿಲ್ಲ, ಯಾರ ತಪ್ಪೂ ಅವನ ತಲೆಯ ಮೇಲೆಯೇ ಕೂರುವುದಿಲ್ಲ. ಇಂಗ್ಲಿಷು ಬೇಡ, ಪ್ರೋಗ್ರಾಮು ಬೇಡ. ಕನ್ನಡ ಓದಲು ಬಂದರೆ ಸಾಕು. ನಮ್ಮ ವಾಚನಾಲಯದಲ್ಲಿ ಅದು ಬಾರದವರಾರು? ಯಾರು ಯಾವ ಪುಟ ತಿದ್ದಿದರೆಂಬ ದಾಖಲೆಯೂ ಅಲ್ಲಿ ಹೆಸರಿನೊಡನೆ ಉಳಿಯುತ್ತದೆ.

ಹೋದ ವಾರ ಆ ಹುಡುಗ ಒಂದು ಪುಟವನ್ನು ಎರಡು ಗಂಟೆ ಕುಳಿತು ತಿದ್ದಿ ಹಳದಿ ಮಾಡಿ ಹೋಗಿದ್ದಾನೆ. ನಾನು ಪಕ್ಕದಲ್ಲೇ ಕುಳಿತು ಅಲ್ಲಲ್ಲಿ ಮೂಗು ತೂರಿಸಿದ್ದರಿಂದ ಅದಕ್ಕೆ ಹಸಿರು ಹಾಕುವುದು ನನಗೆ ಸರಿಯೆನಿಸಲಿಲ್ಲ. ಬೇರೆ ಕಣ್ಣು ಬೇಕು. ಪುಟ ಇನ್ನೂ ಹಳದಿಯಾಗಿಯೇ ಇದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಂಪ್ಯೂಟರು ಖಾಲಿ ಇರುತ್ತದೆ.